ಕೊಡಲಿಯ ಕಾವು ಯಾರ ಕೈಲಿ? ಮರ ರಕ್ಷಣೆಯ ಕಾನೂನು ಮತ್ತು ಹೊಣೆ



ಮರದ ಬಗ್ಗೆ ಮಾತಾಡಲು ವೇದಿಕೆ ಹತ್ತಿದವರು ಸಾಮಾನ್ಯವಾಗಿ ಅದರ ನೆರಳನ್ನು ಹೊಗಳಿ, ಒಂದು ಸಸಿಗೆ ನೀರು ಹಾಕಿ ಇಳಿಯುತ್ತಾರೆ. ನಾನು ವಕೀಲಿ ಕಸುಬಿನವನು. ಹೊಗಳಿಕೆಯನ್ನು ಕವಿಗಳಿಗೆ ಬಿಟ್ಟು ಹೊಣೆಯ ಮಾತಾಡುತ್ತೇನೆ. ಅನುಮತಿಯಿಲ್ಲದೆ ಒಂದು ಮರ ಉರುಳಿದರೆ ಅದರ ಬೆಲೆ ಎಷ್ಟು? ಅದನ್ನು ಯಾರು ತೆರಬೇಕು? ಕಾನೂನು ಯಾರ ಕೊರಳಪಟ್ಟಿಗೆ ಕೈ ಹಾಕುತ್ತದೆ, ಯಾರನ್ನು ಬಿಟ್ಟುಬಿಡುತ್ತದೆ? ಈ ಸಂಜೆಯ ಮಾತೆಲ್ಲ ಇದರ ಸುತ್ತಲೇ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ, ಒಪ್ಪದವರಿಗೆ ಕೊನೆಯಲ್ಲಿ ಜಗಳಕ್ಕೆ ಅನುಕೂಲವಾಗಲಿ. ನಮ್ಮಲ್ಲಿ ಮರದ ಕಾನೂನು ಕೊಡಲಿ ಹಿಡಿದ ಕೂಲಿಯವನನ್ನು ಸುಲಭವಾಗಿ ಹಿಡಿಯುತ್ತದೆ. ಮರ ಹೋದದ್ದರಿಂದ ದುಡ್ಡು ಮಾಡಿಕೊಂಡವನನ್ನೂ ತಡೆಯಬೇಕಾದ ಕುರ್ಚಿಯಲ್ಲಿ ಕೂತು ಸಹಿ ಹಾಕಿದವನನ್ನೂ ಅದು ಅಪರೂಪಕ್ಕೆ ಮುಟ್ಟುತ್ತದೆ. ಹೊಣೆ ಈ ಇಬ್ಬರವರೆಗೆ ಹೋಗದಿದ್ದರೆ ದಂಡವೆಂಬುದು ಕಡಿಯುವ ಖರ್ಚಿನಲ್ಲಿ ಸೇರಿಹೋಗುವ ಒಂದು ಬಾಬತ್ತು, ಅಷ್ಟೇ.

ಹಳೆಯ ದಂಡಪಟ್ಟಿ

ಮರಕ್ಕೆ ದಂಡ ಹಾಕುವ ವಿದ್ಯೆ ನಮಗೆ ಇಂಗ್ಲಿಷರಿಂದ ಬಂದದ್ದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂತು, ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಅದರ ಮೂರನೆಯ ಅಧಿಕರಣದಲ್ಲಿ ಊರಿನ ಉಪವನದ ಹೂವಿನ, ಹಣ್ಣಿನ, ನೆರಳಿನ ಮರಗಳಿಗೊಂದು ದಂಡಪಟ್ಟಿ ಇದೆ. ಚಿಗುರು ಮುರಿದರೆ 6 ಪಣ, ಸಣ್ಣ ಕೊಂಬೆಗೆ 12, ದಪ್ಪ ಕೊಂಬೆಗೆ 24. ಕಾಂಡ ಕಡಿದರೆ ಬಲಾತ್ಕಾರದ ಅಪರಾಧಗಳಿಗೆ ಹಾಕುವ ಸಾಹಸ ದಂಡದ ಮೊದಲ ಮೆಟ್ಟಿಲು, ಬುಡಸಮೇತ ಕಿತ್ತರೆ ಎರಡನೆಯ ಮೆಟ್ಟಿಲು. ಆ ಮರ ಗಡಿಯ ಗುರುತಾಗಿದ್ದರೆ, ಪೂಜೆಗೊಳ್ಳುವ ಮರವಾಗಿದ್ದರೆ, ರಾಜವನದ್ದಾಗಿದ್ದರೆ ಎಲ್ಲ ದಂಡವೂ ದುಪ್ಪಟ್ಟು.

ಪ್ರಾಚೀನ ವೈಭವವನ್ನು ಕೊಂಡಾಡಲು ಇದನ್ನು ಹೇಳುತ್ತಿಲ್ಲ. ಈ ಪಟ್ಟಿಯ ಕಟ್ಟಡವನ್ನು ನೋಡಿ. ಹಾನಿ ಹೆಚ್ಚಿದಂತೆ ದಂಡ ಏರುತ್ತದೆ. ಮರವನ್ನು ಊರು ಯಾವುದಕ್ಕೆ ಬಳಸುತ್ತಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಚಿಗುರು ಚಿವುಟಿದವನೂ ಬೇರು ಕಿತ್ತವನೂ ಒಂದೇ ದರ ತೆರುವುದಿಲ್ಲ. ಈ ಎರಡು ಅಂಶಗಳನ್ನು ನೆನಪಿನಲ್ಲಿಡಿ, 1976ಕ್ಕೆ ಬಂದಾಗ ಬೇಕಾಗುತ್ತವೆ.

ಮೈಸೂರು ಸೀಮೆಯ ಕಾನೂನು ಹಿಡಿದದ್ದು ಬೇರೆ ದಾರಿ. 1792ರಲ್ಲಿ ಟಿಪ್ಪು ಸುಲ್ತಾನ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ. ಮರ ಯಾರ ಹೊಲದಲ್ಲಿದ್ದರೂ ಗಂಧ ಸರ್ಕಾರದ್ದು. ದೊರೆ ಹೋಗಿ ಕಂಪನಿ ಬಂದರೂ, 1900ರ ಮೈಸೂರು ಅರಣ್ಯ ರೆಗ್ಯುಲೇಷನ್ ಬಂದರೂ, ಆಮೇಲೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಬಂದರೂ ಆ ಹಕ್ಕು ಸಡಿಲವಾಗಲಿಲ್ಲ. ಪರಿಣಾಮ ನಮ್ಮ ಹಾಸನ ಜಿಲ್ಲೆಯ ಹಳಬರಿಗೆಲ್ಲ ಗೊತ್ತು. ಬದುವಿನಲ್ಲಿ ಗಂಧದ ಸಸಿ ತಾನಾಗಿ ಎದ್ದರೆ ರೈತ ಅದನ್ನು ಮೊಳಕೆಯಲ್ಲೇ ಚಿವುಟಿ ಹಾಕುತ್ತಿದ್ದ. ಬೆಳೆದರೆ ಲಾಭ ಸರ್ಕಾರಕ್ಕೆ, ಕಳುವಾದರೆ ವಿಚಾರಣೆ ತನಗೆ. ಯಾಕೆ ಬೇಕು ಈ ಉಸಾಬರಿ? 2001ರ ತಿದ್ದುಪಡಿಯಲ್ಲಿ ಭೂಮಿಯ ಒಡೆಯನೇ ಗಂಧದ ಒಡೆಯನೆಂದು ಒಪ್ಪುವ ಹೊತ್ತಿಗೆ ಎರಡು ಶತಮಾನ ದಾಟಿತ್ತು. ಮರವನ್ನು ಬಿಗಿಯಾಗಿ ಕಾಯುವ ಕಾನೂನೇ ಮರವನ್ನು ಹೊಲದಿಂದ ಓಡಿಸಬಲ್ಲದು ಎಂಬ ಪಾಠವನ್ನು ನಾವು ಕಲಿತದ್ದು ಗಂಧದಿಂದ.

1976ರ ಕಾಯ್ದೆ ಹೇಳುವುದೇನು

1976 ಸಂವಿಧಾನದ 42ನೆಯ ತಿದ್ದುಪಡಿಯ ವರ್ಷ. ಪರಿಸರವನ್ನು ಕಾಯುವುದು ರಾಜ್ಯದ ಕೆಲಸ ಎನ್ನುವ 48ಎ ವಿಧಿ, ಪ್ರತಿ ನಾಗರಿಕನ ಕರ್ತವ್ಯ ಎನ್ನುವ 51ಎ(ಜಿ), ಎರಡೂ ಆ ತಿದ್ದುಪಡಿಯಿಂದ ಬಂದವು. ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದ ನಮ್ಮ ರಾಜ್ಯದಲ್ಲಿ ಅದೇ ವರ್ಷ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಬಂತು, ಆ ವರ್ಷದ 76ನೆಯ ಕಾಯ್ದೆ. ಅಲ್ಲಿಯವರೆಗೆ ಕಾನೂನು ನೋಡುತ್ತಿದ್ದುದು ಕಾಡನ್ನು ಮತ್ತು ಬೆಲೆಬಾಳುವ ಜಾತಿಯ ಮರವನ್ನು. ಈ ಕಾಯ್ದೆ ಮೊದಲ ಸಲ ಹಿತ್ತಲಿನ ಹಲಸು, ಬೀದಿಯ ಹೊಂಗೆ, ಬದುವಿನ ಬೇವನ್ನು ನೋಡಿತು.

ಅದರ ಯಂತ್ರ ಸರಳ. ಮೇಲೆ ವೃಕ್ಷ ಪ್ರಾಧಿಕಾರ, ಕೆಳಗೆ ಅರಣ್ಯ ಇಲಾಖೆಯಿಂದಲೇ ನೇಮಕವಾಗುವ ವೃಕ್ಷಾಧಿಕಾರಿ. 8ನೆಯ ಕಲಮಿನ ಪ್ರಕಾರ ಅವನ ಅನುಮತಿಯಿಲ್ಲದೆ ಮರ ಕಡಿಯುವಂತಿಲ್ಲ, ಅದು ನಿಮ್ಮದೇ ಪಹಣಿಯ ನೆಲದಲ್ಲಿದ್ದರೂ ಅಷ್ಟೆ. ಅರ್ಜಿ ಬಂದ ಮೇಲೆ ಆತ ಸ್ಥಳ ನೋಡಬೇಕು, ವಿಚಾರಣೆ ಮಾಡಬೇಕು, ಪೂರ್ತಿಯಾಗಿಯೋ ಭಾಗಶಃವೋ ಅನುಮತಿ ಕೊಡಬೇಕು ಇಲ್ಲವೇ ನಿರಾಕರಿಸಬೇಕು. ಸತ್ತ ಮರ, ರೋಗ ಹಿಡಿದ ಮರ, ಗಾಳಿಗೆ ಬಿದ್ದ ಮರ, ಜೀವಕ್ಕೆ ಆಸ್ತಿಗೆ ಅಪಾಯವಾದ ಮರ, ಸಂಚಾರಕ್ಕೆ ಅಡ್ಡವಾದ ಮರ, ಸಿಡಿಲು ಬೆಂಕಿಗೆ ಹಾಳಾದ ಮರ, ಇಂಥವಕ್ಕೆ ಅನುಮತಿ ನಿರಾಕರಿಸುವಂತಿಲ್ಲ. ಹಳ್ಳಿಗಾಡಿನಲ್ಲಿ ಸೌದೆ, ಮೇವು, ಬೇಸಾಯದ ಮುಟ್ಟುಗಳಂಥ ಪ್ರಾಮಾಣಿಕ ಮನೆಬಳಕೆಗೆ ಬೇಕಾದರೂ ಇಲ್ಲವೆನ್ನುವಂತಿಲ್ಲ. ಕಡಿದವನು ಮತ್ತೆ ನೆಡಬೇಕು, ನೆಟ್ಟದ್ದನ್ನು ಉಳಿಸಬೇಕು. ಅಧಿಕಾರಿಯ ಆದೇಶ ಒಪ್ಪಿಗೆಯಾಗದವರು ಮೇಲ್ಮನವಿ ಸಲ್ಲಿಸಬಹುದು. ಕಡಿಯಬೇಕಾದ ಮರ 50ಕ್ಕಿಂತ ಹೆಚ್ಚಿದ್ದರೆ ಸಾರ್ವಜನಿಕ ನೋಟಿಸು ಕೊಟ್ಟು ಆಕ್ಷೇಪಣೆ ಕೇಳಬೇಕೆಂಬ ಷರತ್ತು ಆಮೇಲಿನ ತಿದ್ದುಪಡಿಯಲ್ಲಿ ಸೇರಿತು.

ವಕೀಲ ಮಿತ್ರರು ಗಮನಿಸಬೇಕಾದ ಒಂದು ಮಾತು ವ್ಯಾಖ್ಯೆಯ ಕಲಮಿನಲ್ಲಿದೆ. ಕಡಿಯುವುದು ಎಂದರೆ ಗರಗಸ ಹಾಕುವುದಷ್ಟೇ ಅಲ್ಲ. ಸುಡುವುದು, ಯಾವುದೇ ಬಗೆಯಲ್ಲಿ ಮರಕ್ಕೆ ಘಾಸಿ ಮಾಡುವುದು, ಎಲ್ಲವೂ ಅದರಲ್ಲಿ ಸೇರಿದೆ. ಹಾಸನದ ಯಾವುದೇ ಅಂಗಡಿ ಬೀದಿಯಲ್ಲಿ ಸುತ್ತಿ ಬನ್ನಿ. ಬೋರ್ಡು ಕಾಣಲಿಲ್ಲವೆಂದು ಮುಂದಿನ ಮರದ ತೊಗಟೆಯನ್ನು ಸುತ್ತ ಸುಲಿದದ್ದು, ಬುಡಕ್ಕೆ ಆಸಿಡ್ ಸುರಿದದ್ದು, ಬೇರು ಉಸಿರಾಡದ ಹಾಗೆ ಕಾಂಡದ ತನಕ ಕಾಂಕ್ರೀಟ್ ಮೆತ್ತಿದ್ದು, ಇವೆಲ್ಲ ಒಂದು ಕೊಂಬೆಯನ್ನೂ ಕಡಿಯದೆ ಮರವನ್ನು ಕೊಲ್ಲುವ ದಾರಿಗಳು. ಕಾಯ್ದೆಯ ಕಣ್ಣಿನಲ್ಲಿ ಇವೂ ಕಡಿತವೇ. ಆದರೆ ಒಣಗಿ ನಿಂತ ಮೇಲೆ ಅದೇ ಮರಕ್ಕೆ ‘ಸತ್ತ ಮರ’ ಎಂದು ಅರ್ಜಿ ಬರುತ್ತದೆ, ಸತ್ತ ಮರಕ್ಕೆ ಅನುಮತಿ ನಿರಾಕರಿಸುವಂತಿಲ್ಲ! ಹೇಗೆ ಸತ್ತಿತು ಎಂದು ಮಹಜರಿನಲ್ಲಿ ಒಂದು ಸಾಲು ಬರೆಯುವ ಅಭ್ಯಾಸ ಬಂದರೆ ಎಷ್ಟೋ ಅರ್ಜಿಗಳು ಅಲ್ಲೇ ನಿಲ್ಲುತ್ತವೆ.

ನಾಲ್ಕು ತಾಲ್ಲೂಕು, ನಾಲ್ಕು ಬಗೆ

ಒಂದೇ ಕಾಯ್ದೆ ಚನ್ನರಾಯಪಟ್ಟಣ, ಅರಕಲಗೂಡು, ಹೊಳೆನರಸೀಪುರ, ಹಾಸನ ಎಂಬ ನಮ್ಮ ನಾಲ್ಕು ತಾಲ್ಲೂಕಿನಲ್ಲಿ ನಾಲ್ಕು ಬಗೆಯಾಗಿ ನಡೆಯುತ್ತದೆ.

ಚನ್ನರಾಯಪಟ್ಟಣ ತೆಂಗಿನ ಸೀಮೆ. ತೆಂಗು, ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್‌ನಂಥ ಮರಗಳನ್ನು ಕಾಯ್ದೆ ಅನುಮತಿಯ ಕಟ್ಟಿನಿಂದ ಹೊರಗಿಟ್ಟಿದೆ. ಬೆಳೆಯ ಹಾಗೆ ಬೆಳೆದು ಕೊಯ್ಯುವ ಮರಕ್ಕೆ ಇದು ನ್ಯಾಯವೇ. ಆದರೆ ಈ ಪಟ್ಟಿ ಸದ್ದಿಲ್ಲದೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಬೇಲಿ ಸಾಲಿಗೆ ಹೊಂಗೆ ಹಾಕಲೋ ಸಿಲ್ವರ್ ಹಾಕಲೋ ಎಂದು ಯೋಚಿಸುವ ರೈತನಿಗೆ ನಾಳೆ ಕಚೇರಿ ಅಲೆಯಬೇಕಾಗದ ಮರ ಯಾವುದೆಂದು ಗೊತ್ತು. ನೀಲಗಿರಿ ನೆಲದ ನೀರು ಹೀರುತ್ತದೆಂದು ಸರ್ಕಾರವೇ 2017ರಲ್ಲಿ ಹೊಸದಾಗಿ ನೆಡುವುದನ್ನು ನಿಷೇಧಿಸಿತು. ಅದಕ್ಕೆ ಮೊದಲು ಕಡಿಯಲು ಯಾರನ್ನೂ ಕೇಳಬೇಕಿಲ್ಲ ಎಂಬ ಅನುಕೂಲವನ್ನು ನೀಲಗಿರಿಗೆ ಕೊಟ್ಟದ್ದೂ ನಮ್ಮದೇ ಕಾನೂನು.

ಅರಕಲಗೂಡಿನ ಕಥೆ ಒಲೆಯದ್ದು. ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇದೆ. ಕೊಣನೂರು, ರಾಮನಾಥಪುರದ ಸುತ್ತ ವರ್ಜೀನಿಯಾ ಹೊಗೆಸೊಪ್ಪು ಬೆಳೆಯುತ್ತಾರೆ. ಮುಂಗಾರಿನಲ್ಲಿ ಕಿತ್ತ ಹಸಿ ಸೊಪ್ಪನ್ನು ಹದಗೊಳಿಸುವ ಮನೆಯಾದ ಬ್ಯಾರನ್ನಿಗೆ ಏರಿಸಿ ದಿನಗಟ್ಟಲೆ ಬೆಂಕಿ ಕಾಯಿಸಬೇಕು. ಒಂದು ಕಿಲೋ ಹದವಾದ ಸೊಪ್ಪಿಗೆ ನಾಲ್ಕೈದು ಕಿಲೋ ಸೌದೆ ಎಂಬುದು ಬೆಳೆಗಾರರಿಗೂ ಮಂಡಳಿಗೂ ಗೊತ್ತಿರುವ ಲೆಕ್ಕ. ಈಗ 8ನೆಯ ಕಲಮಿನ ‘ಮನೆಬಳಕೆಯ ಸೌದೆ’ ಎಂಬ ಮಾತನ್ನು ತೆಗೆಯಿರಿ. ಮುದ್ದೆ ಬೇಯಿಸುವ ಒಲೆ ಮನೆಬಳಕೆ. ಮಾರುವ ಸೊಪ್ಪನ್ನು ಬೇಯಿಸುವ ಒಲೆ ವ್ಯಾಪಾರ. ಕಲಮಿನ ರಿಯಾಯಿತಿ ಎರಡನೆಯದಕ್ಕೆ ಸಿಗುವುದಿಲ್ಲ ಎಂಬುದು ನನ್ನ ಓದು. ಆದರೆ ಹಂಗಾಮಿನಲ್ಲಿ ಟ್ರ್ಯಾಕ್ಟರಿನಲ್ಲಿ ಬರುವ ಸೌದೆಯಲ್ಲಿ ಯಾವುದು ನೀಲಗಿರಿ, ಯಾವುದು ಯಾರದೋ ಬದುವಿನ ಹುಣಸೆ ಎಂದು ನಿಲ್ಲಿಸಿ ನೋಡುವವರು ಅಪರೂಪ. ಬೆಳೆಗಾರನನ್ನು ಕಳ್ಳನೆಂದು ಕರೆಯುವುದು ನನ್ನ ಉದ್ದೇಶವಲ್ಲ. ಅವನಿಗೆ ಬ್ಯಾರನ್ ನೋಂದಣಿ ಕೊಡುವ, ಸೊಪ್ಪು ಕೊಳ್ಳುವ, ರಫ್ತು ಮಾಡುವ ಇಡೀ ಸರಪಳಿಗೆ ಸೌದೆ ಎಲ್ಲಿಂದ ಬಂತೆಂದು ಕೇಳುವ ಹೊಣೆ ಇದೆ. ಆ ಪ್ರಶ್ನೆ ಸರಪಳಿಯ ಕೊನೆಯ ಕೊಂಡಿಯಾದ ಟ್ರ್ಯಾಕ್ಟರ್ ಡ್ರೈವರನ ಮೇಲೆ ಮಾತ್ರ ಬೀಳುವುದು ಅನ್ಯಾಯ.

ಹೊಳೆನರಸೀಪುರದ ಮರಗಳ ಹಣೆಬರಹ ರಸ್ತೆಯೊಡನೆ ಹೆಣೆದುಕೊಂಡಿದೆ. ಬಿಳಿಕೆರೆಯಿಂದ ಹಳ್ಳಿಮೈಸೂರು, ಹೊಳೆನರಸೀಪುರ, ಹಾಸನ ಹಾದು ಬೇಲೂರಿಗೆ ಹೋಗುವ ದಾರಿ ಈಗ ರಾಷ್ಟ್ರೀಯ ಹೆದ್ದಾರಿ 373. ಅದು ಅಗಲವಾದರೆ ಏನಾದೀತೆಂದು ತಿಳಿಯಲು ದೂರ ಹೋಗಬೇಕಿಲ್ಲ, ಚನ್ನರಾಯಪಟ್ಟಣದ ಮೇಲೆ ಹೋಗುವ ಬೆಂಗಳೂರು–ಮಂಗಳೂರು (ಬಿ.ಎಂ.) ರಸ್ತೆ ನಾಲ್ಕು ಪಥವಾದಾಗ ಹಳೆಯ ಸಾಲುಮರಗಳಿಗೆ ಏನಾಯಿತೆಂದು ಕಂಡವರು ನೀವು. ಸಾಲುಮರ ಸರ್ಕಾರದ್ದು, ಕಡಿಯುವುದೂ ಸರ್ಕಾರ, ಅನುಮತಿ ಕೊಡುವುದೂ ಸರ್ಕಾರ. ಇಲ್ಲಿ ಕಾಯ್ದೆಯ ನಿಜವಾದ ಹಿಡಿಕೆ ಎಂದರೆ ಆ 50 ಮರದ ನೋಟಿಸು. ಒಂದು ಕಾಮಗಾರಿಯನ್ನು 40, 45 ಮರಗಳ ತುಂಡು ಅರ್ಜಿಗಳಾಗಿ ಒಡೆದರೆ ನೋಟಿಸಿನ ಮಾತೇ ಇಲ್ಲ. ಹೀಗೆ ಒಡೆಯುವುದನ್ನು ಕಾಯ್ದೆ ಸ್ಪಷ್ಟವಾಗಿ ನಿಷೇಧಿಸಬೇಕು. ಅಲ್ಲಿಯವರೆಗೆ ಇಡೀ ಕಾಮಗಾರಿಯನ್ನು ಒಂದೇ ಅರ್ಜಿಯೆಂದು ಓದುವಂತೆ ವಾದಿಸುವುದು ವಕೀಲರ ಕೆಲಸ.

ಇನ್ನು ಹಾಸನ. ಊರು ನಾಲ್ಕೂ ಕಡೆ ಬಡಾವಣೆಯಾಗಿ ಹಬ್ಬುತ್ತಿದೆ. ಬಡಾವಣೆ ಬಂದಲ್ಲೆಲ್ಲ ಮೊದಲು ಕಣ್ಮರೆಯಾಗುವುದು ಹಳ್ಳಿಗಳ ಗುಂಡುತೋಪು. ಮಾವು, ನೇರಳೆ, ಹಿಪ್ಪೆ, ಹೊಂಗೆ ನಿಂತಿದ್ದ ಎಕರೆ ಎರಡೆಕರೆಯ ಈ ತೋಪುಗಳು ಕಂದಾಯ ದಾಖಲೆಯಲ್ಲಿ ಸರ್ಕಾರಿ ಜಾಗ. ಒತ್ತುವರಿ ತೆರವು ಮಾಡಿಸಿ ಜಾಗ ವಾಪಸು ಪಡೆಯಬಹುದು. ಹೋದ ಹಿಪ್ಪೆಯ ಮರ ವಾಪಸು ಬರುವುದಿಲ್ಲ. ನಿಂತ ಮರಕ್ಕೂ ಆದಾಯವಿದೆ ಎಂದು ತೋರಿಸಿಕೊಟ್ಟ ಊರೂ ಹಾಸನವೇ. ಮಡೆನೂರಿನ ಜೈವಿಕ ಇಂಧನ ಉದ್ಯಾನ ಹೊಂಗೆ, ಬೇವು, ಹಿಪ್ಪೆಯ ಬೀಜಗಳಿಂದ ಎಣ್ಣೆ ತೆಗೆದು ಇಂಧನ ಮಾಡುವ ಕೆಲಸವನ್ನು ರೈತರ ಮುಂದಿಟ್ಟಿತು.

ಸಾವಿರ ರೂಪಾಯಿ

ಈಗ ಹೊಣೆಯ ಲೆಕ್ಕ. ಕಾಯ್ದೆಯನ್ನು ಮೀರಿದವನಿಗೆ 1976ರಲ್ಲಿ ಶಾಸನಸಭೆ 22ನೆಯ ಕಲಮಿನಲ್ಲಿ ಬರೆದ ಶಿಕ್ಷೆ: ಮೂರು ತಿಂಗಳವರೆಗೆ ಸೆರೆ, ಅಥವಾ 1,000 ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಕೌಟಿಲ್ಯನ ಪಟ್ಟಿಯ ಹಾಗೆ ಹಾನಿಗೆ ತಕ್ಕ, ಮರದ ಬಳಕೆಗೆ ತಕ್ಕ ಮೆಟ್ಟಿಲು ಇದರಲ್ಲಿಲ್ಲ. ಬರೆದ ಕಾಲಕ್ಕೆ ಸಾವಿರ ರೂಪಾಯಿ ದೊಡ್ಡ ಮೊತ್ತ. ಪ್ರಾಥಮಿಕ ಶಾಲೆಯ ಮೇಷ್ಟರ ತಿಂಗಳ ಸಂಬಳಕ್ಕಿಂತ ಹೆಚ್ಚು. ದಶಕಗಳು ಉರುಳಿದರೂ ಆ ಅಂಕೆ ಕದಲಲಿಲ್ಲ. ಹೀಗಾಗಿ ಮರದ ವ್ಯಾಪಾರಿಯ ಲೆಕ್ಕದ ಪುಸ್ತಕದಲ್ಲಿ ಕೂಲಿ, ಡೀಸೆಲ್, ಲೋಡಿಂಗ್ ಆದ ಮೇಲೆ ದಂಡಕ್ಕೂ ಒಂದು ಸಾಲು.

ಇದೇ ಸರ್ಕಾರ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ರೈತ ನೆಟ್ಟು ಉಳಿಸಿದ ಪ್ರತಿ ಸಸಿಗೆ ಮೊದಲ ವರ್ಷ 35, ಎರಡನೆಯ ವರ್ಷ 40, ಮೂರನೆಯ ವರ್ಷ 50, ಒಟ್ಟು 125 ರೂಪಾಯಿ ಕೊಡುತ್ತದೆ. ಮೂರು ವರ್ಷದ ಗಿಡ ಉಳಿಸಿದ್ದಕ್ಕೆ 125, ನೂರು ವರ್ಷದ ಮರ ಕೊಂದದ್ದಕ್ಕೆ ಹೆಚ್ಚೆಂದರೆ 1,000. ಇದಕ್ಕೆ ಸುಪ್ರೀಂ ಕೋರ್ಟು ನೇಮಿಸಿದ ತಜ್ಞರ ಲೆಕ್ಕವನ್ನು ಹೋಲಿಸಿ ನೋಡಿ. ಪಶ್ಚಿಮ ಬಂಗಾಳದ ಜೆಸ್ಸೂರ್ ರಸ್ತೆಯಲ್ಲಿ ರೈಲ್ವೆ ಮೇಲ್ಸೇತುವೆಗಳಿಗಾಗಿ 356 ಮರ ಕಡಿಯುವ ಪ್ರಕರಣದಲ್ಲಿ ಆ ಸಮಿತಿ 2021ರಲ್ಲಿ ಕೊಟ್ಟ ವರದಿಯ ಪ್ರಕಾರ ಒಂದು ಮರದ ಬೆಲೆ ಎಂದರೆ ಅದರ ವಯಸ್ಸಿನ ಪ್ರತಿ ವರ್ಷಕ್ಕೆ 74,500 ರೂಪಾಯಿ. ನೂರು ದಾಟಿದ ಪಾರಂಪರಿಕ ಮರ ಕೋಟಿಯನ್ನೂ ಮೀರಬಹುದು. ಆ ಮರಗಳಿಗೆ ಕೊನೆಗೂ ರಕ್ಷಣೆ ಸಿಗಲಿಲ್ಲ. 2023ರಲ್ಲಿ ನ್ಯಾಯಾಲಯ ಸೇತುವೆಯ ಪರ ನಿಂತಿತು. 74,500 ಎಂಬ ಅಂಕೆಯನ್ನು ತಕರಾರು ಮಾಡಬಹುದು, ನಾನೂ ಮಾಡುತ್ತೇನೆ. ಆದರೆ ಸಾವಿರಕ್ಕೂ ಕೋಟಿಗೂ ನಡುವೆ ಎಲ್ಲೋ ಇರುವ ನಿಜದ ಬೆಲೆಯನ್ನು ಕಾನೂನು ಹುಡುಕಲೇ ಇಲ್ಲ.

ಕಾಯ್ದೆಯ ಹೊರಗೆ ಬೇರೆ ಹೊಣೆಗಳೂ ಇವೆ. ಸರ್ಕಾರಿ ಜಾಗದ ಮರವಾದರೆ, ಗಂಧ ಬೀಟೆಗಳಂಥ ಮರವಾದರೆ 1963ರ ಅರಣ್ಯ ಕಾಯ್ದೆ ಮೇಲೆ ಬೀಳುತ್ತದೆ. ಅದು ಹೆಚ್ಚು ಖಾರ. 62ನೆಯ ಕಲಮಿನಡಿ ಮರ, ಮುಟ್ಟು, ವಾಹನ ಜಪ್ತಾಗುತ್ತವೆ. 71ಎ ಅಡಿ ಮುಟ್ಟುಗೋಲು. ಲಾರಿಯ ಒಡೆಯ ತನಗೆ ಗೊತ್ತಿರಲಿಲ್ಲವೆಂದೂ ಎಚ್ಚರ ವಹಿಸಿದ್ದೆನೆಂದೂ ತಾನೇ ತೋರಿಸಬೇಕು. ನನ್ನ ಅನುಭವದಲ್ಲಿ ವ್ಯಾಪಾರಿ ಹೆದರುವುದು ಇದಕ್ಕೇ. ಸಾವಿರದ ದಂಡಕ್ಕೆ ನಕ್ಕವನು ಲಾರಿ ಹೋಗುತ್ತದೆಂದರೆ ವಕೀಲರನ್ನು ಹುಡುಕಿಕೊಂಡು ಬರುತ್ತಾನೆ.

ಇಷ್ಟಾದರೂ ಹೊಣೆ ಮೇಲಕ್ಕೆ ಏರುವುದು ಕಷ್ಟ. 2023ರ ಡಿಸೆಂಬರಿನಲ್ಲಿ ನಮ್ಮದೇ ಜಿಲ್ಲೆಯ ಬೇಲೂರು ತಾಲ್ಲೂಕಿನ ನಂದಗೋಡನಹಳ್ಳಿಯ ಬಳಿ 126 ಮರ ಉರುಳಿದ ಪ್ರಕರಣ ರಾಜ್ಯದ ಸುದ್ದಿಯಾಯಿತು. ಬಂಧನವಾಯಿತು, ಅರಣ್ಯಾಧಿಕಾರಿಗಳ ಅಮಾನತಾಯಿತು, ರಾಜಕೀಯದ ಗದ್ದಲವಾಯಿತು. ಯಾರು ತಪ್ಪಿತಸ್ಥರು ಎಂಬುದು ನ್ಯಾಯಾಲಯಕ್ಕೆ ಬಿಟ್ಟದ್ದು, ಆ ಬಗ್ಗೆ ನಾನು ಒಂದು ಅಕ್ಷರವನ್ನೂ ಆಡುವುದಿಲ್ಲ. ನಾನು ಕೇಳುವುದು ಬೇರೆ. 126 ಮರ ಒಂದು ಗಳಿಗೆಯಲ್ಲಿ ಬೀಳುವುದಿಲ್ಲ. ಗರಗಸದ ಸದ್ದು ಕೇಳುತ್ತದೆ, ಲಾರಿ ಓಡಾಡುತ್ತದೆ. ಬೀಟಿನ ಗಾರ್ಡ್, ಗ್ರಾಮ ಲೆಕ್ಕಿಗ, ಪಂಚಾಯಿತಿ, ಸಾಮಿಲ್ಲು, ಇಷ್ಟು ಜನರ ಕಣ್ಣು ಕಿವಿ ದಾಟಿಯೇ ಒಂದು ದಿಮ್ಮಿ ಪೇಟೆ ಸೇರಬೇಕು. ಇವರಲ್ಲಿ ಯಾರಿಗೆ ಯಾವ ಹೊತ್ತಿನಲ್ಲಿ ‘ನಿಲ್ಲಿಸು’ ಎನ್ನುವ ಕರ್ತವ್ಯವಿತ್ತು, ಅನ್ನದೆ ಹೋದರೆ ಏನಾಗುತ್ತದೆ ಎಂಬುದನ್ನು 1976ರ ಕಾಯ್ದೆ ಬರೆದಿಲ್ಲ.

ಹೊರಗಿನ ತೀರ್ಪುಗಳು

ಬೇರೆ ಕಡೆ ಹೊಣೆ ಹೇಗೆ ಮೇಲೆ ಹತ್ತಿತು ಎಂಬುದಕ್ಕೆ ಮೂರು ಉದಾಹರಣೆ ಸಾಕು.

ಮೊದಲನೆಯದು ಉತ್ತರ ಪ್ರದೇಶದ ವೃಂದಾವನದ್ದು. ತಾಜಮಹಲಿನ ಸುತ್ತಣ ರಕ್ಷಿತ ವಲಯದಲ್ಲಿ ತನ್ನ ಅನುಮತಿಯಿಲ್ಲದೆ ಮರ ಕಡಿಯಕೂಡದೆಂದು ಸುಪ್ರೀಂ ಕೋರ್ಟು 2015ರಲ್ಲಿ ಆದೇಶ ಮಾಡಿತ್ತು. 2024ರ ಸೆಪ್ಟೆಂಬರಿನ ಒಂದು ರಾತ್ರಿ ಆ ವಲಯಕ್ಕೆ ಸೇರಿದ ವೃಂದಾವನದಲ್ಲಿ 454 ಮರ ಉರುಳಿದವು, ಹೆಚ್ಚಿನವು ಖಾಸಗಿ ಜಮೀನಿನಲ್ಲಿ. 2025ರ ಮಾರ್ಚಿನಲ್ಲಿ ನ್ಯಾಯಮೂರ್ತಿ ಅಭಯ್ ಓಕಾ ಮತ್ತು ಉಜ್ಜಲ್ ಭುಯಾನ್ ಅವರ ಪೀಠ ಮರವೊಂದಕ್ಕೆ 1 ಲಕ್ಷದಂತೆ ದಂಡ ಹಾಕಿತು, ತಗ್ಗಿಸಿರೆಂಬ ಬೇಡಿಕೆಗೆ ಒಪ್ಪಲಿಲ್ಲ. ಒಟ್ಟು 4 ಕೋಟಿ 54 ಲಕ್ಷ. ನಮ್ಮ 22ನೆಯ ಕಲಮನ್ನು ಮರಕ್ಕೊಂದರಂತೆ ಹಾಕಿದರೂ ಅದು 4 ಲಕ್ಷ 54 ಸಾವಿರ ದಾಟುವುದಿಲ್ಲ. ಓಕಾ ಅವರು ಹಿಂದೆ ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದಾಗ ಬೆಂಗಳೂರಿನ ಮರಗಣತಿ ಯಾಕೆ ಆಗಿಲ್ಲವೆಂದು ಇದೇ ವೃಕ್ಷ ಕಾಯ್ದೆಯನ್ನು ಹಿಡಿದು ಅಧಿಕಾರಿಗಳನ್ನು ಕೇಳಿದವರು.

ಎರಡನೆಯದು ದೆಹಲಿಯ ರಿಡ್ಜ್ ಅರಣ್ಯದ್ದು. 2024ರಲ್ಲಿ ರಸ್ತೆ ಅಗಲಿಸಲು ದೆಹಲಿ ಅಭಿವೃದ್ಧಿ ಪ್ರಾಧಿಕಾರ ನ್ಯಾಯಾಲಯದ ಅನುಮತಿಯಿಲ್ಲದೆ ಸುಮಾರು 1,100 ಮರ ಕಡಿಸಿತು. 2025ರ ಮೇನಲ್ಲಿ ಬಂದ ತೀರ್ಪು ಅಧಿಕಾರಿಗಳನ್ನು ನ್ಯಾಯಾಂಗ ನಿಂದನೆಯ ತಪ್ಪಿತಸ್ಥರೆಂದು ಹೇಳಿ ತಲಾ 25,000 ರೂಪಾಯಿ ಹೇರಿತು. ಜೊತೆಗೆ ರಸ್ತೆ ಅಗಲವಾದದ್ದರಿಂದ ಲಾಭ ಪಡೆದ ಸಿರಿವಂತ ನಿವಾಸಿಗಳನ್ನು ಗುರುತಿಸಿ ಅವರಿಂದಲೂ ಒಂದು ಸಲದ ವಂತಿಗೆ ವಸೂಲು ಮಾಡಲು ಹೇಳಿತು. 25,000 ಹೆಚ್ಚೋ ಕಡಿಮೆಯೋ, ಅದು ಬೇರೆ ಮಾತು. ಲಾಭ ಪಡೆದವನನ್ನು ಹೆಸರಿಟ್ಟು ಹುಡುಕುವ ಕೆಲಸ ಇಲ್ಲಿ ಶುರುವಾಯಿತು.

ಮೂರನೆಯದು ಇಂಗ್ಲೆಂಡಿನದು. ಅಲ್ಲಿ ಪ್ರತ್ಯೇಕ ಮರಕ್ಕೇ ರಕ್ಷಣಾ ಆದೇಶ ಹೊರಡಿಸುವ ಪದ್ಧತಿ ಇದೆ. ಪೂಲ್ ಪಟ್ಟಣದ ಒಬ್ಬ ಮನೆಯೊಡೆಯ ತನ್ನ ಮನೆಗೆ ಬೆಳಕು ಬರಲೆಂದು ನೆರೆಯವರ ಜಾಗದಲ್ಲಿದ್ದ ರಕ್ಷಿತ ಪೈನ್ ಮರವನ್ನು ಕಡಿಸಿದ. ನ್ಯಾಯಾಲಯ 75,000 ಪೌಂಡ್ ದಂಡ ಹಾಕಿ ಅಲ್ಲಿಗೆ ನಿಲ್ಲಿಸಲಿಲ್ಲ. ಮರ ಹೋದದ್ದರಿಂದ ಮನೆಯ ಬೆಲೆ ಏರಿತಲ್ಲ, ಆ ಏರಿಕೆಯನ್ನೂ 50,000 ಪೌಂಡ್ ಎಂದು ಕಟ್ಟಿ ಅಪರಾಧದ ಗಳಿಕೆಯಾಗಿ ಕಿತ್ತುಕೊಂಡಿತು. 2013ರಲ್ಲಿ ಮೇಲ್ಮನವಿ ನ್ಯಾಯಾಲಯ ಇದನ್ನು ಎತ್ತಿಹಿಡಿಯಿತು. ಅದೇ ದೇಶದಲ್ಲಿ 1980ರ ಇನ್ನೊಂದು ತೀರ್ಪು ಓಕ್ ಮರ ಕಡಿದ ಗುತ್ತಿಗೆದಾರನದು. ಅನುಮತಿ ಇದೆಯೆಂದು ನಂಬಿದ್ದೆ ಎಂದ ಆತನಿಗೆ ನಂಬಿಕೆ ಸಾಲದು ಎಂಬ ಉತ್ತರ ಬಂತು. ಇದರಿಂದ ಕಡಿಯುವವನಿಗೂ ಒಂದು ಗುರಾಣಿ ಸಿಗುತ್ತದೆ. ಕಾಗದ ತೋರಿಸಿ, ಆಮೇಲೆ ಗರಗಸ ಎನ್ನುವ ಧೈರ್ಯ ಬರುವುದು ಕಾಗದವಿಲ್ಲದೆ ತನಗೆ ಬಿಡುಗಡೆಯಿಲ್ಲ ಎಂದು ಗೊತ್ತಾದಾಗಲೇ.

ಏನಾಗಬೇಕು

ಇದೆಲ್ಲ ಕೇಳಿ ರೈತ ಮಿತ್ರರು ಹೆದರಬೇಕಿಲ್ಲ. ಗಂಧದ ಪಾಠ ನನಗೆ ನೆನಪಿದೆ. ತಾನೇ ನೆಟ್ಟ ಮರವನ್ನು ಮಗಳ ಮದುವೆಗೋ ಮನೆಯ ತೊಲೆಗೋ ಕಡಿಯಬೇಕಾದವನು ಅರ್ಜಿ, ಪಹಣಿ, ನಕ್ಷೆ, ಸಾಗಾಣಿಕೆ ರಹದಾರಿ ಎಂದು ಅಲೆದು ಸುಸ್ತಾಗುವ ಕಾನೂನು ಮುಂದಿನ ಸಸಿಯನ್ನು ನೆಡಿಸುವುದಿಲ್ಲ. ನೆಟ್ಟ ವರ್ಷವೇ ಸಸಿಯನ್ನು ಗ್ರಾಮ ಪಂಚಾಯಿತಿಯಲ್ಲಿ ಬರೆಸಿದವನಿಗೆ ಕಡಿಯುವಾಗ ಒಂದು ತಿಳುವಳಿಕೆ ಪತ್ರ ಸಾಕಾಗಬೇಕು. ಬಿಗಿಯನ್ನು ಅಲ್ಲಿ ಸಡಿಲಿಸಿ ಮೂರು ಕಡೆ ಕಟ್ಟಬೇಕು ಎಂಬುದು ನನ್ನ ಸೂಚನೆ.

ಒಂದು, ದಂಡ ಮರಕ್ಕೊಂದರಂತೆ ಇರಬೇಕು. ಸುತ್ತಳತೆಗೆ, ವಯಸ್ಸಿಗೆ ತಕ್ಕಂತೆ ಏರಬೇಕು. ಮರ ಹೋದದ್ದರಿಂದ ಬಂದ ಲಾಭ ಅದರ ಮೇಲೆ ಸೇರಬೇಕು. ಬಡಾವಣೆಗಾಗಿ ಕಡಿದರೆ ಆ ಸೈಟಿನ ಏರಿದ ಬೆಲೆಯೂ ಲೆಕ್ಕಕ್ಕೆ ಬರಬೇಕು. ಎರಡು, ಹೊಣೆ ಭೂಮಿಯ ಒಡೆಯನಿಂದ ಗೇಣಿದಾರ, ಮರದ ವ್ಯಾಪಾರಿ, ಸಾಮಿಲ್ಲಿನ ತನಕ ಹೋಗಬೇಕು. ಶುಂಠಿಗೆಂದು ಜಮೀನು ಗೇಣಿಗೆ ಪಡೆದು ಮೊದಲು ಮರ ತೆಗೆಯುವವರು ಒಡೆಯನ ಬೆನ್ನ ಹಿಂದೆ ಅಡಗಬಾರದು. ಅನುಮತಿ ಪತ್ರವನ್ನು ಕಡಿಯುವ ಜಾಗದಲ್ಲೇ ತೂಗುಹಾಕಬೇಕು. ಇಲ್ಲದಿದ್ದರೆ ಯಾರು ಬೇಕಾದರೂ ತಡೆದು ಕೇಳುವಂತಿರಬೇಕು. ಮೂರು, ಅನುಮತಿ ಕೊಟ್ಟ ಅಧಿಕಾರಿ ಕಾರಣ ಬರೆದು, ಚಿತ್ರ ಲಗತ್ತಿಸಿ, ಬದಲಿಗೆ ನೆಟ್ಟ ಸಸಿ ಮೂರನೆಯ ವರ್ಷ ಬದುಕಿದೆಯೇ ಎಂದು ವರದಿ ಕೊಡಬೇಕು. ವರದಿ ಬರದಿದ್ದರೆ ಅದು ಅವನ ಸೇವಾ ಪುಸ್ತಕದಲ್ಲಿ ಕಾಣಬೇಕು.

ಶಾಸನ ತಿದ್ದುವುದು ಬೆಂಗಳೂರಿನ ಕೆಲಸ, ಅದಕ್ಕೆ ಕಾಯಬೇಕಾಗುತ್ತದೆ. ಕಾಯದೆ ಮಾಡುವ ಕೆಲಸ ಒಂದಿದೆ. ಯಾವ ಮರ ಎಲ್ಲಿತ್ತು ಎಂಬ ದಾಖಲೆಯೇ ಇಲ್ಲದಿದ್ದರೆ ಅದು ಹೋಯಿತೆಂದು ಯಾವ ನ್ಯಾಯಾಲಯದಲ್ಲಿ ಹೇಗೆ ರುಜುವಾತು ಮಾಡುತ್ತೀರಿ? ಮರಗಣತಿ ವೃಕ್ಷ ಪ್ರಾಧಿಕಾರದ ಕರ್ತವ್ಯವೆಂದು ಕಾಯ್ದೆಯೇ ಹೇಳುತ್ತದೆ. 2002ರ ಜೀವವೈವಿಧ್ಯ ಕಾಯ್ದೆ ಪ್ರತಿ ಪಂಚಾಯಿತಿಗೂ ನಿರ್ವಹಣಾ ಸಮಿತಿಯನ್ನೂ ಜನರೇ ಬರೆಯುವ ಜೀವವೈವಿಧ್ಯ ದಾಖಲಾತಿಯನ್ನೂ ಕೊಟ್ಟಿದೆ. ದೇವನಹಳ್ಳಿಯ ಹತ್ತಿರದ ನಲ್ಲೂರಿನ 54 ಎಕರೆ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾದದ್ದು ಈ ಕಾಯ್ದೆಯ ಬಲದಿಂದಲೇ. ನಮ್ಮ ಗುಂಡುತೋಪುಗಳಿಗೂ ದೇವರ ಬನಗಳಿಗೂ ಆ ಬಾಗಿಲು ತೆರೆದಿದೆ, ಯಾರೂ ತಟ್ಟಿಲ್ಲ.

ವಿದ್ಯಾರ್ಥಿಗಳು ರಜೆಯಲ್ಲಿ ತಮ್ಮೂರಿನ ತೋಪು, ಕೆರೆ ಏರಿ, ರಸ್ತೆ ಬದಿಯ ಮರಗಳ ಜಾತಿ, ಸುತ್ತಳತೆ, ಸರ್ವೆ ನಂಬರು ಬರೆದು ಪಂಚಾಯಿತಿಯ ಸಭೆಯಲ್ಲಿ ಮಂಡಿಸಿ ಸ್ವೀಕೃತಿ ಪಡೆಯಲಿ. ವಕೀಲ ಮಿತ್ರರು ಮರ ಕಡಿಯುವ ನೋಟಿಸು ಬಂದಾಗ ಆಕ್ಷೇಪಣೆ ಬರೆದುಕೊಡಲು ಫೀಸು ತೆಗೆದುಕೊಳ್ಳದಿರಲಿ. ನಾನಂತೂ ತೆಗೆದುಕೊಳ್ಳುವುದಿಲ್ಲ ಎಂದು ಈ ವೇದಿಕೆಯಿಂದಲೇ ಹೇಳುತ್ತೇನೆ. ಮುಂದಿನ ವರ್ಷ ಈ ದತ್ತಿಯ ಉಪನ್ಯಾಸಕ್ಕೆ ಬರುವವರು ಕಾಯ್ದೆಯ ಕಲಮುಗಳನ್ನು ಓದುವ ಬದಲು ನಾಲ್ಕು ತಾಲ್ಲೂಕಿನ ಆ ಪಟ್ಟಿಯನ್ನು ಓದಲಿ. ಅದರಲ್ಲಿರುವ ಒಂದು ಮರ ಕಾಣೆಯಾದರೂ ಯಾರನ್ನು ಕೇಳಬೇಕೆಂದು ಈ ಸಭೆಗೆ ಗೊತ್ತಿರಲಿ.